ಮಗಳ ಫಿಲಂ ಪ್ರಾಜೆಕ್ಟಿಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಮಿಸೌರಿ ಸಿಟಿ, ಶುಗರ್‌ಲ್ಯಾಂಡ್ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಟೆಕ್ಸಾಸಿನ ಶಾಲೆಗಳ ಸ್ಪರ್ಧೆಗಳನ್ನೆಲ್ಲ ನಡೆಸುವ ಯು.ಐ.ಎಲ್. ಸಂಸ್ಥೆ ಈಗ ಫುಟ್‌ಬಾಲು, ಡಿಬೇಟುಗಳ ಜೊತೆಗೆ ಕಿರುಚಿತ್ರ ಸ್ಪರ್ಧೆಯನ್ನೂ ನಡೆಸುತ್ತದೆ. ಶಾಲೆಯಲ್ಲಿ ಅದಕ್ಕಾಗಿಯೇ ಕ್ಲಾಸುಗಳಿವೆ. ಪ್ರಾಜೆಕ್ಟ್ ಕೊಟ್ಟ ದಿನ ಸಂಜೆಯೇ ಅಪ್ಪಂದಿರು (ನಾವು ಇಂಜಿನಿಯರುಗಳಲ್ಲವೇ!) ಇಂಟರ್‌ನೆಟ್ಟಿನಲ್ಲಿ ಕ್ಯಾಮೆರಾಗಳ ಪಟ್ಟಿ ಹಿಡಿದು ಕೂರುತ್ತಾರೆ. ಕಳೆದ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲೇ ಮೂರು ಜನ ನನ್ನನ್ನು ಇದೇ ಕೇಳಿದರು. ಹೋಳಿಗೆ ತಟ್ಟೆಗೆ ಬೀಳುವ ಮುಂಚೆ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿನಿಮಾ ಪಂಡಿತನೇನಲ್ಲ, ವಾರವಿಡೀ ಡೇಟಾಬೇಸುಗಳ ಜೊತೆ ಗುದ್ದಾಡುವವನು. ಹೋದ ವರ್ಷ ನನ್ನ ಅಕ್ಕನ ಮಗಳು ಐದು ನಿಮಿಷದ ಡಾಕ್ಯುಮೆಂಟರಿ ಮಾಡಿದಳು. ಅವಳ ಜೊತೆ ಕೂತು ನಾನೂ ಇದನ್ನೆಲ್ಲ ಕಲಿತೆ. ಚಿತ್ರ ಅವಳ ಅಜ್ಜಿಯ ಬಗ್ಗೆ, ಅಂದರೆ ನನ್ನ ಅಮ್ಮನ ಬಗ್ಗೆ. ಅಮ್ಮನ ತವರು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ನೀರಿನಡಿ ಹೋದ ಊರುಗಳಲ್ಲಿ ಅದೂ ಒಂದು. ಅಮ್ಮನಿಗೆ ಈಗ ಎಪ್ಪತ್ತು. ಆರು ತಿಂಗಳಿಗೆಂದು ಬಂದಿದ್ದರು, ಅಕ್ಟೋಬರಿನಲ್ಲಿ ವಾಪಸ್ ಟಿಕೆಟ್. "ಇನ್ನೊಂದು ಸಲ ಈ ವಿಮಾನ ಹತ್ತೋಕೆ ನನ್ನ ಮಂಡಿ ಒಪ್ಪಲ್ಲ ಕಣಪ್ಪ" ಎಂದು ಬಂದ ವಾರವೇ ಹೇಳಿಬಿಟ್ಟಿದ್ದರು. ಹಾಗಾಗಿ ಆ ಹುಡುಗಿಗೆ ಸಿಗುತ್ತಿದ್ದುದು ಒಂದೇ ಅವಕಾಶ. ರೀಟೇಕ್ ಇಲ್ಲ.

ಮೊದಲು ಕ್ಯಾಮೆರಾ ವಿಷಯ ಮುಗಿಸಿಬಿಡೋಣ. ಕೊಳ್ಳಬೇಡಿ! ನಿಮ್ಮ ಜೇಬಿನಲ್ಲಿರುವ ಫೋನು ಸಾಕು. ಟೆಕ್ಸಾಸಿನವರೇ ಆದ ರಾಬರ್ಟ್ ರೋಡ್ರಿಗಸ್ ಸುಮಾರು 7,000 ಡಾಲರಿನಲ್ಲಿ 'ಎಲ್ ಮರಿಯಾಚಿ' (1992) ಮಾಡಿದಾಗ ಅವರ ಕೈಲಿದ್ದದ್ದು ಎರವಲು ತಂದ 16 ಎಂಎಂ ಕ್ಯಾಮೆರಾ. ಅದು ಓಡುವಾಗ ಮಾಡುತ್ತಿದ್ದ ಸದ್ದಿಗೆ ಜೊತೆಯಲ್ಲೇ ಮಾತು ರೆಕಾರ್ಡ್ ಮಾಡುವುದು ಸಾಧ್ಯವೇ ಇರಲಿಲ್ಲ. ಶಾಟ್ ಮುಗಿದ ಮೇಲೆ ಕ್ಯಾಮೆರಾ ನಿಲ್ಲಿಸಿ, ನಟರಿಂದ ಅದೇ ಮಾತನ್ನು ಮತ್ತೆ ಹೇಳಿಸಿ ಟೇಪಿಗೆ ಹಿಡಿದು, ಎಡಿಟಿಂಗ್‌ನಲ್ಲಿ ತುಟಿಗೆ ಹೊಂದಿಸಿದರು. ನಮ್ಮ ಮೈಸೂರಿನ ಚಿದಾನಂದ ನಾಯ್ಕ್ ಎಂ.ಬಿ.ಬಿ.ಎಸ್. ಓದಿದವರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಟಿವಿ ಕೋರ್ಸಿನ ಕೊನೆಯ ಪ್ರಾಜೆಕ್ಟಾಗಿ ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿದ 16 ನಿಮಿಷದ ಕನ್ನಡ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾಗಿದ್ದು 18, ಅದರಲ್ಲಿ ಇದಕ್ಕೆ ಮೊದಲ ಸ್ಥಾನ. ಕೋಳಿ ಕದ್ದ ಅಜ್ಜಿಯ ಜನಪದ ಕಥೆ! (ಬಿ.ಫಾರ್ಮ ಓದಿದ್ದ ಗಿರೀಶ ಕಾಸರವಳ್ಳಿಯವರೂ ಅದೇ ಇನ್‌ಸ್ಟಿಟ್ಯೂಟಿಗೆ ಹೋದವರು. ಮಕ್ಕಳು ಮೆಡಿಕಲ್ಲು ಬಿಟ್ಟು ಇಂಥದ್ದು ಕೇಳಿದರೆ ನೆನಪಿರಲಿ.)

ಹಾಗಂತ ಫೋನನ್ನು ಹಾಗೇ ಎತ್ತಿ ರೆಕಾರ್ಡ್ ಒತ್ತಬೇಡಿ. ಫೋನಿನ ಮಾಮೂಲಿ ಕ್ಯಾಮೆರಾ ಬೆಳಕಿಗೆ ತಕ್ಕಂತೆ ತನ್ನಷ್ಟಕ್ಕೆ ಎಕ್ಸ್‌ಪೋಷರ್, ಫೋಕಸ್, ಕೊನೆಗೆ ಸೆಕೆಂಡಿಗೆ ಎಷ್ಟು ಫ್ರೇಂ ಎಂಬುದನ್ನೂ ಬದಲಿಸುತ್ತಿರುತ್ತದೆ. ನೋಡುವಾಗ ಗೊತ್ತಾಗುವುದಿಲ್ಲ. ಎಡಿಟಿಂಗ್ ಶುರುವಾದಾಗ, ಬೇರೆ ರೆಕಾರ್ಡರಿನ ಧ್ವನಿ ಹತ್ತನೇ ನಿಮಿಷದ ಹೊತ್ತಿಗೆ ತುಟಿಗಿಂತ ಹಿಂದೆಯೋ ಮುಂದೆಯೋ ಹೋಗಿರುತ್ತದೆ. ಇದಕ್ಕೆ ಮದ್ದು, ಎಲ್ಲವನ್ನೂ ಕೈಯಿಂದ ಹೊಂದಿಸಲು ಬಿಡುವ ಆಪ್. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಆಪ್ ಉಚಿತ, ಐಫೋನಿಗೆ 2023ರಲ್ಲಿ, ಆಂಡ್ರಾಯ್ಡಿಗೆ 2024ರಲ್ಲಿ ಬಂತು. ಈಗಾಗಲೇ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದಾಗಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 'ಕಾನ್‌ಸ್ಟಂಟ್ ಫ್ರೇಂ ರೇಟ್' ಆರಿಸಿ ಒಮ್ಮೆ ಬದಲಿಸಿಕೊಂಡು ಆಮೇಲೆ ಎಡಿಟ್ ಮಾಡಿ.

ಷಟರ್ ಸ್ಪೀಡ್ ವಿಷಯದಲ್ಲಿ ನಮ್ಮಂಥ ಎರಡು ದೇಶದವರಿಗೆ ಒಂದು ವಿಶೇಷ ತೊಂದರೆ ಇದೆ. ಇಲ್ಲಿನ ಕರೆಂಟು 60 ಹರ್ಟ್ಸ್, ಊರಿನದು 50. ಮನೆಯ ಎಷ್ಟೋ ದೀಪಗಳು ಅದರ ಎರಡರಷ್ಟು ವೇಗದಲ್ಲಿ, ಎಂದರೆ ಇಲ್ಲಿ ಸೆಕೆಂಡಿಗೆ 120 ಸಲ, ಅಲ್ಲಿ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ, ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಹ್ಯೂಸ್ಟನ್ನಿನ ಮನೆಯೊಳಗೆ ಷಟರ್ 1/60 ಅಥವಾ 1/120 ಇರಲಿ. ಹಾಸನದ ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಮ್ಮ ಚಿಕ್ಕಪ್ಪನ ಮಗ ತೆಗೆಯುವುದಾದರೆ 1/50 ಅಥವಾ 1/100. ಫ್ರೇಂ ರೇಟನ್ನು ಮಾತ್ರ ಎರಡೂ ಕಡೆ ಒಂದೇ ಇಡಿ. 24 ಅಥವಾ 30, ಯಾವುದಾದರೂ ಸರಿ, ಮೊದಲೇ ತೀರ್ಮಾನಿಸಿ ಇಬ್ಬರಿಗೂ ಹೇಳಿ.

ಊರಿನಿಂದ ತರಿಸುವ ವಿಡಿಯೊ ವಿಷಯಕ್ಕೇ ಬಂದಿರುವುದರಿಂದ ಇನ್ನೊಂದು ಮಾತು. ಶೆಟ್ಟಿಹಳ್ಳಿಯ ಹಳೇ ಚರ್ಚು ನೀವೆಲ್ಲ ಚಿತ್ರಗಳಲ್ಲಿ ನೋಡಿರುತ್ತೀರಿ, ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಮತ್ತೆ ಮೇಲೇಳುವಂಥದ್ದು. ಅದನ್ನೂ ಸುತ್ತಲಿನ ನೀರನ್ನೂ ನಮ್ಮ ಕಡೆಯ ಹುಡುಗನೊಬ್ಬ ಚೆನ್ನಾಗಿಯೇ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ವಾಟ್ಸಾಪು ವಿಡಿಯೊವನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ, ದೊಡ್ಡ ಪರದೆಗೆ ಅದು ಬರುವುದಿಲ್ಲ. ಅದೇ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಅಥವಾ ಗೂಗಲ್ ಡ್ರೈವಿಗೆ ಹಾಕಿದರೆ ಹಿಂಡುವುದಿಲ್ಲ. ಇಷ್ಟನ್ನು ಮೊದಲೇ ಫೋನ್ ಮಾಡಿ ಹೇಳಿಬಿಡಿ.

ಇನ್ನು ಧ್ವನಿ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಇಲ್ಲಿ ಮಾಡಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಒಂದು ನಿಮಿಷವೂ ಕೂರುವುದಿಲ್ಲ. ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ: ಮೈಕಿನಿಂದ ದೂರ ಎರಡರಷ್ಟಾದರೆ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಆದರೆ ಕೋಣೆಯ ಎ.ಸಿ. ಗುಯ್‌ಗುಟ್ಟುವುದು ಇಳಿಯುವುದಿಲ್ಲ, ಅದು ಎಲ್ಲ ಕಡೆ ಸಮನಾಗಿ ತುಂಬಿರುತ್ತದೆ. ಎಂಟು ಅಡಿ ದೂರದ ಫೋನಿನ ಮೈಕಿಗೂ ಎದೆಯ ಹತ್ತಿರ ಸಿಕ್ಕಿಸಿದ ಕಾಲರ್ ಮೈಕಿಗೂ ಇರುವ ವ್ಯತ್ಯಾಸ ಇದೇ. ವೈರಿನ ಕಾಲರ್ ಮೈಕು 20-30 ಡಾಲರಿಗೆ ಸಿಗುತ್ತದೆ, ಸಾಕು.

ಅಮೆರಿಕದ ಪುಸ್ತಕಗಳಲ್ಲಿ ಮೈಕನ್ನು ಶರ್ಟಿನ ಗುಂಡಿಗೆ ಸಿಕ್ಕಿಸಿ ಎಂದಿರುತ್ತದೆ. ನಮ್ಮ ಅಮ್ಮಂದಿರಿಗೆ ಶರ್ಟಿನ ಗುಂಡಿ ಎಲ್ಲಿಂದ ಬರಬೇಕು? ಕ್ಯಾಮೆರಾ ಎಂದೊಡನೆ ಅಮ್ಮ ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತರು. ರೇಷ್ಮೆ ಸರಸರ ಅನ್ನುತ್ತದೆ, ಸರ ಮೈಕಿಗೆ ಬಡಿಯುತ್ತದೆ, ಕೈ ಆಡಿಸಿದಾಗಲೆಲ್ಲ ಗಾಜಿನ ಬಳೆ. ಬಳೆ ತೆಗೆಸುವುದು ನಮ್ಮಲ್ಲಿ ಕೇಳುವ ಮಾತಲ್ಲ. ಮೆತ್ತನೆಯ ಹತ್ತಿ ಸೀರೆ ಉಡಿಸಿ, ಸರವನ್ನು ರವಿಕೆಯೊಳಗೆ ಸೇರಿಸಿ, ಮೈಕನ್ನು ಸೆರಗಿನ ಮಡಿಕೆಗೆ ಮೆಡಿಕಲ್ ಟೇಪಿನಿಂದ ಅಂಟಿಸಿ, ತೊಡೆಯ ಮೇಲೊಂದು ದಿಂಬು ಕೊಟ್ಟು ಕೈಯನ್ನು ಅದರ ಮೇಲೆ ಇಟ್ಟುಕೊಳ್ಳಲು ಹೇಳಿದೆವು. ಬಳೆಯ ಸದ್ದು ಪೂರ್ತಿ ಹೋಗಲಿಲ್ಲ, ಹಾಗಿದ್ದದ್ದೇ ಒಳ್ಳೆಯದಾಯಿತು ಎಂದು ನನಗೀಗ ಅನ್ನಿಸುತ್ತದೆ.

ಆಗಸ್ಟ್ ತಿಂಗಳಲ್ಲಿ ಇಲ್ಲಿ ಎ.ಸಿ. ನಿಲ್ಲಿಸುವುದು ಹುಡುಗಾಟವಲ್ಲ. ಬೆಳಿಗ್ಗೆ ಬೇಗ ಎದ್ದು, ಮನೆಯನ್ನು ಚೆನ್ನಾಗಿ ತಣ್ಣಗೆ ಮಾಡಿ, ಎ.ಸಿ. ಆರಿಸಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡುವುದು, ಮತ್ತೆ ಹಾಕುವುದು, ಕಾಫಿ ಕುಡಿಯುವುದು, ಹೀಗೆ ಮೂರು ಸುತ್ತು. ಶನಿವಾರ ಬೇಡವೇ ಬೇಡ, ಪಕ್ಕದ ಮನೆಗಳ ಹುಲ್ಲು ಕತ್ತರಿಸುವವರು ಎಲೆ ಊದುವ ಯಂತ್ರ ಹಿಡಿದು ಬರುತ್ತಾರೆ. ಫ್ರಿಜ್ಜನ್ನೂ ಆರಿಸಿ, ಆದರೆ ಕಾರಿನ ಕೀಲಿಯನ್ನು ಅದರೊಳಗೆ ಇಡಿ! ಹೊರಡುವಾಗ ಕೀಲಿ ಹುಡುಕಿದಾಗ ಫ್ರಿಜ್ಜು ಮತ್ತೆ ಹಾಕಬೇಕೆಂಬುದು ನೆನಪಾಗುತ್ತದೆ. ಇದು ಧ್ವನಿಗ್ರಹಣದವರ ಹಳೇ ಉಪಾಯ.

ಕೊನೆಯಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ಬರೀ ಮೌನ ಹಾಕಿದರೆ ಕಿವಿಗೆ ಗುಂಡಿ ಬಿದ್ದ ಹಾಗೆ ಅನ್ನಿಸುತ್ತದೆ, ಅಲ್ಲಿಗೆ ಈ ಖಾಲಿ ಕೋಣೆಯ ಸದ್ದನ್ನು ತುಂಬಬೇಕು. ಆಡಾಸಿಟಿಯಲ್ಲಿ ಗುಯ್‌ಗುಡುವಿಕೆ ತೆಗೆಯುವುದಕ್ಕೂ ಇದೇ ನಮೂನೆ ಬೇಕು. ಹಾಗೆಯೇ ಶುರುವಿನಲ್ಲಿ ಕ್ಯಾಮೆರಾ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಕೈಗಳು ಕೂಡಿದ ಫ್ರೇಮನ್ನೂ ಧ್ವನಿಯ ಗೆರೆಯಲ್ಲಿ ಚೂಪಾಗಿ ಎದ್ದ ಜಾಗವನ್ನೂ ಹೊಂದಿಸಿದರೆ ಮಾತು ತುಟಿಗೆ ಕೂತುಕೊಳ್ಳುತ್ತದೆ. ಸಿನಿಮಾದವರ ಕ್ಲ್ಯಾಪ್ ಬೋರ್ಡಿನ ಕೆಲಸವೂ ಅಷ್ಟೇ. ರೆಕಾರ್ಡಿಂಗ್ ಮಟ್ಟ ಜೋರು ಮಾತಿಗೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಸರಿಮಾಡುವುದು ಕಷ್ಟ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಕಲಿಸಿ. ಒಂದು ಕಾಲದಲ್ಲಿ ಹಾಲಿವುಡ್ ಸ್ಟುಡಿಯೋಗಳು ಬಣ್ಣ ತಿದ್ದಲು ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಳ್ಳುತ್ತಿದ್ದ ವ್ಯವಸ್ಥೆ ಇದು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಕೊಂಡುಕೊಂಡು, 2011ರಲ್ಲಿ ಉಚಿತ ಆವೃತ್ತಿ ಬಿಟ್ಟಿತು. ಶಾಲೆಯ ಚಿತ್ರಕ್ಕೆ ಉಚಿತದ್ದೇ ಧಾರಾಳ. ಹಳೇ ಲ್ಯಾಪ್‌ಟಾಪ್ ಇದ್ದರೆ ಅದು ತಡವರಿಸುತ್ತದೆ, ಆಗ ಕೆಡಿಎನ್‌ಲೈವ್ ಅಥವಾ ಷಾಟ್‌ಕಟ್ ಹಾಕಿಕೊಳ್ಳಿ. ಆಪಲ್ ಇದ್ದವರಿಗೆ ಐಮೂವಿ ಇದ್ದೇ ಇದೆ.

ಹೊಸ ಲ್ಯಾಪ್‌ಟಾಪೂ ಯಾಕೆ ತಡವರಿಸುತ್ತದೆ ಎಂದು ಹುಡುಗಿ ಕೇಳಿದಳು. ನಮ್ಮ ವೃತ್ತಿಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಫೋನಿನ ಎಚ್.264, ಎಚ್.265 ಫೈಲುಗಳು ನಮ್ಮ ಕೋಡ್ ರೆಪಾಸಿಟರಿಯ ಹಾಗೆ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಫ್ರೇಂ, ನಡುವೆ ಬರೀ 'ಏನು ಬದಲಾಯಿತು' ಎಂಬ ಡಿಫ್. ನೇರವಾಗಿ ನೋಡುತ್ತ ಹೋದರೆ ಸಲೀಸು. ಆದರೆ ಎಡಿಟರ್ ಹಿಂದೆ ಮುಂದೆ ಎಳೆದಾಡುತ್ತಾನೆ. ಪ್ರತಿ ಸಲ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ ಅಲ್ಲಿಂದ ಡಿಫ್‌ಗಳನ್ನು ಹಚ್ಚುತ್ತ ಬರಬೇಕು, ಅದಕ್ಕೇ ಏದುಸಿರು. 'ಪ್ರಾಕ್ಸಿ' ಮಾಡಿಕೊಂಡರೆ, ಅಂದರೆ ಕಡಿಮೆ ಗಾತ್ರದ ನಕಲಿನ ಮೇಲೆ ಕೆಲಸ ಮಾಡಿ ಕೊನೆಗೆ ಅಸಲಿಗೆ ಬದಲಿಸಿದರೆ ಸರಾಗ. ರಿಸಾಲ್ವಿನಲ್ಲಿ ಇದು ಎರಡು ಕ್ಲಿಕ್ಕಿನ ಕೆಲಸ.

ಅಮ್ಮ ಮಾತಾಡಿದ್ದು 52 ನಿಮಿಷ, ಚಿತ್ರ ಐದು ನಿಮಿಷ. ಕಂಪ್ಯೂಟರ್ ಮುಟ್ಟುವ ಮುಂಚೆ ಅಷ್ಟನ್ನೂ ಕೇಳಿ, ಒಂದು ಸ್ಪ್ರೆಡ್‌ಶೀಟಿನಲ್ಲಿ ಯಾವ ನಿಮಿಷಕ್ಕೆ ಏನು ಹೇಳಿದರು ಎಂದು ಕನ್ನಡದಲ್ಲೇ ಬರೆದುಕೊಂಡೆವು. ಕನ್ನಡ ಓದಲು ತಡವರಿಸುವ ಆ ಹುಡುಗಿಗೆ ಮೂರು ವಾರ ಹಿಡಿಯಿತು. ಅಲ್ಲೇ ಅವಳು 'ಹಗೇವು' ಎಂಬ ಮಾತಿಗೆ ನಿಂತಳು. "ಮಾಮ, ಅಜ್ಜಿ ಇಲ್ಲಿ ಏನೋ ಹೇಳ್ತಿದಾರೆ, ಅದನ್ನ ಹೇಳಿ ಸುಮ್ಮನಾಗಿಬಿಟ್ಟರು." ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಊರು ಬಿಡುವಾಗ ತಾತ ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ, ಯಾವತ್ತಿನ ಹಾಗೆ ಮಣ್ಣು ಮೆತ್ತಿ ಬಂದರಂತೆ, ನೀರು ಬರುತ್ತದೆಂದು ಗೊತ್ತಿದ್ದೂ. ನಾನೂ ಇದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಚಿತ್ರ ಅಲ್ಲಿಂದಲೇ ಶುರುವಾಗಲಿ ಎಂದು ಅವಳೇ ತೀರ್ಮಾನಿಸಿದಳು.

ಒಬ್ಬರೇ ಕೂತು ಮಾತಾಡುವುದನ್ನು ಕತ್ತರಿಸಿದರೆ ಮುಖ ಜಿಗಿದಂತೆ ಕಾಣುತ್ತದೆ. 4ಕೆ ಯಲ್ಲಿ ತೆಗೆದು 1080ರ ಟೈಮ್‌ಲೈನಿನಲ್ಲಿ ಎಡಿಟ್ ಮಾಡಿದರೆ ಒಂದೇ ಶಾಟನ್ನು ಎರಡರಷ್ಟು ಹಿಗ್ಗಿಸಿ ಕ್ಲೋಸಪ್ ಮಾಡಿಕೊಳ್ಳಬಹುದು, ಎರಡು ಕ್ಯಾಮೆರಾ ಇದ್ದಂತೆ. ಉಳಿದ ಕಡೆ ಕೈ, ಹಳೇ ಫೋಟೊ, ಹಿನ್ನೀರು ಹಾಕಿ ಮುಚ್ಚಬೇಕು.

ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಎರಡು ಸಾಲು ಮೀರದಿರಲಿ. 'ಹಗೇವು' ಇಂಗ್ಲಿಷಿಗೆ ಬರುವುದಿಲ್ಲ, ಕನ್ನಡದ ಮಾತನ್ನೇ ಇಟ್ಟು ಪಕ್ಕದಲ್ಲಿ ನೆಲದ ಕಣಜ ಎಂಬರ್ಥದ ಎರಡು ಪದ ಸೇರಿಸಿದಳು. ಶೀರ್ಷಿಕೆ ಕನ್ನಡದಲ್ಲಿ ಬೇಕೆಂದರೆ ಎಚ್ಚರ. ಯೂನಿಕೋಡಿನಲ್ಲಿ 'ಅಜ್ಜಿ' ಎಂಬುದು ಅ, ಜ, ವಿರಾಮ, ಜ, ಗುಡಿಸು ಎಂದು ಬಿಡಿಬಿಡಿಯಾಗಿಯೇ ಇರುತ್ತದೆ. ಒತ್ತನ್ನು ಕೆಳಗೆ ಕೂರಿಸುವುದು ಸಾಫ್ಟ್‌ವೇರಿನ ಕೆಲಸ. ಆ ಕೆಲಸ ಬಾರದ ಸಾಫ್ಟ್‌ವೇರು 'ಅಜ್‌ಜಿ' ಎಂದು ತೋರಿಸುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ ನೋಡಿ. ಆಗಲೂ ಒಡೆದರೆ ಪವರ್‌ಪಾಯಿಂಟಿನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ಅದನ್ನೇ ಮೇಲೆ ಇಡಿ. ಬರಹ, ನುಡಿ ಕಾಲದ ಹಳೇ ಫಾಂಟುಗಳಲ್ಲಿರುವ ಪಠ್ಯವಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಅನುಮತಿ ಪತ್ರವಿಲ್ಲದೆ ಸ್ಪರ್ಧೆಗೆ ಕಳಿಸಿದರೆ ಚಿತ್ರವೇ ಹೊರಗೆ. ನಮ್ಮ ಸಂಘದಲ್ಲಿ ವೀಣೆ, ಕೊಳಲು ಕಲಿಯುವ ಮಕ್ಕಳು ಎಷ್ಟಿಲ್ಲ? ಅವರ ಕೈಲೇ ಸ್ವಂತವಾಗಿ ನುಡಿಸಿ. ಡ್ರೋನ್ ಹಾರಿಸುವ ಯೋಚನೆಯಿದ್ದರೆ ಎಫ್.ಎ.ಎ. ನಿಯಮ ಮೊದಲು ಓದಿ, ಶುಗರ್‌ಲ್ಯಾಂಡ್ ವಿಮಾನ ನಿಲ್ದಾಣ ನಮಗೆ ಹತ್ತಿರವೇ ಇದೆ. ಆಸ್ಟಿನ್ ಕಡೆಯ ಓದುಗರಿಗೆ ಇನ್ನೂ ಒಂದು ಅನುಕೂಲ: 1985ರಲ್ಲಿ ರಿಚರ್ಡ್ ಲಿಂಕ್‌ಲೇಟರ್ ಹುಟ್ಟುಹಾಕಿದ ಆಸ್ಟಿನ್ ಫಿಲಂ ಸೊಸೈಟಿ ಅಲ್ಲಿನ 'ಆಸ್ಟಿನ್ ಪಬ್ಲಿಕ್' ಮೂಲಕ ಸಾಮಾನ್ಯ ಜನರಿಗೂ ಸಲಕರಣೆ ಮತ್ತು ತರಬೇತಿ ಕೊಡುತ್ತದೆ. ಇಲ್ಲಿನವರು ನಮ್ಮ ಕೌಂಟಿ ಲೈಬ್ರರಿಯಲ್ಲಿ ವಿಚಾರಿಸಿ, ಕೇಳುವುದಕ್ಕೇನೂ ದುಡ್ಡಿಲ್ಲ.

ಕೊನೆಯದಾಗಿ ಫೈಲುಗಳು. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಎಂದಿಟ್ಟುಕೊಂಡರೆ ನಿಮಿಷಕ್ಕೆ 750 ಎಂ.ಬಿ., ಅಮ್ಮನ 52 ನಿಮಿಷಕ್ಕೆ ಸುಮಾರು 39 ಜಿ.ಬಿ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಇದು ಆಫೀಸಿನಲ್ಲಿ ನಾವೇ ಪಾಲಿಸುವ ನಿಯಮ. ಕತ್ತರಿಸಿದ 47 ನಿಮಿಷವನ್ನೂ ಅಳಿಸಬೇಡಿ, ಮನೆಯವರಿಗೆ ಬೇಕಾದ್ದು ಅದೇ. ಊರಿಗೆ ಕೊಂಡೊಯ್ಯುವ ಪೆನ್ ಡ್ರೈವಿಗೆ ಹಾಕುವಾಗ ಎಚ್.264, 1080ರ ಎಂಪಿ4 ಮಾಡಿ, ಎಲ್ಲ ಟಿವಿಗಳಲ್ಲೂ ಓಡುವ ಸಾಧ್ಯತೆ ಹೆಚ್ಚು. ಹಳೇ ಟಿವಿಗಳಿಗೆ ಎಫ್ಎಟಿ32 ಪೆನ್ ಡ್ರೈವೇ ಬೇಕಾಗುತ್ತದೆ, ಅದರಲ್ಲಿ ಒಂದು ಫೈಲು 4 ಜಿ.ಬಿ. ಮೀರುವಂತಿಲ್ಲ. ಅಮ್ಮನ ಕೈಲಿ ನಾವು ಕಳಿಸಿದ್ದರಲ್ಲಿ ಐದು ನಿಮಿಷದ ಚಿತ್ರ ಒಂದು ಫೈಲು, ಪೂರ್ತಿ ಮಾತು ಮೂರು ಫೈಲು. ಹಾಸನದ ಮನೆಯ ಟಿವಿಯಲ್ಲಿ ನಾಲ್ಕೂ ಓಡಿದವಂತೆ. ಎದುರು ಮನೆಯವರೂ ಬಂದು ಪೂರ್ತಿ ಮಾತಿನ ಮೂರನ್ನೂ ನೋಡಿದರೆಂದು ಅಮ್ಮ ಫೋನಿನಲ್ಲಿ ಹೇಳಿದರು.