ಅಂಗಳದಲ್ಲಿ ಕೂತವರ ಕಿವಿಗೆ ಎಂಥ ಯಂತ್ರ?

ಅಡುಗೆಮನೆಯಲ್ಲಿ ಖಣಖಣ ಎನ್ನುತ್ತಿದ್ದ ರೇಡಿಯೋವನ್ನು ಹಾಗೇ ಎತ್ತಿ ತಂದು ಅಂಗಳದ ಕಟ್ಟೆಯ ಮೇಲಿಡಿ. ವಾಲ್ಯೂಮ್ ಮುಟ್ಟಿಲ್ಲ, ಸ್ಟೇಷನ್ ಬದಲಿಸಿಲ್ಲ. ಆದರೂ ದನಿ ಸೊರಗಿರುತ್ತದೆ. ಮೃದಂಗದ ಗುಂಕಾರ ಎಲ್ಲೋ ಹೋಗಿರುತ್ತದೆ, ಹಾಡುವವರ ಗಂಟಲು ಕೀರಲಾಗಿರುತ್ತದೆ. ನಮಗೇ ಹೀಗಾದರೆ ಎಪ್ಪತ್ತೈದು ದಾಟಿದ ಅಜ್ಜನಿಗೆ? ಸ್ವಲ್ಪ ಹೊತ್ತು ಕಿವಿಗೊಟ್ಟು, ‘ಇದು ಆಗುಹೋಗೋದಲ್ಲ ಮಾರಾಯ’ ಎಂದು ಆರಿಸಿಬಿಡುತ್ತಾರೆ. ಮಕ್ಕಳು ಪೇಟೆಗೆ ಹೋಗಿ ಇನ್ನೂ ದೊಡ್ಡದೊಂದು ಸ್ಪೀಕರ್ ತರುತ್ತಾರೆ. ಅದೂ ಮೂಲೆ ಸೇರುತ್ತದೆ.

ಎಳೆಬಿಸಿಲಿಗೆ ಜಗಲಿಯಲ್ಲಿ ಕೂರುವವರು, ತೋಟದಲ್ಲಿ ಅಡ್ಡಾಡುವವರು, ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರು ಎಲ್ಲರಿಗೂ ಹಾಡೋ ವಾರ್ತೆಯೋ ತಾಳಮದ್ದಲೆಯೋ ಜೊತೆಗಿದ್ದರೆ ಹೊತ್ತು ಹೋಗುವುದೇ ತಿಳಿಯದು. ಅದಕ್ಕೆ ಯಂತ್ರ ಆರಿಸುವಾಗ ಪೆಟ್ಟಿಗೆಯ ಮೇಲಿನ ವಾಟ್ ಲೆಕ್ಕ ಆಮೇಲೆ ನೋಡಿದರಾಯಿತು. ಬಯಲಿನಲ್ಲಿ ದನಿಗೆ ಏನಾಗುತ್ತದೆ, ವಯಸ್ಸಾದ ಕಿವಿಗೆ ಏನಾಗಿರುತ್ತದೆ ಎಂಬ ಎರಡು ಸಂಗತಿ ಮೊದಲು ತಿಳಿದಿರಬೇಕು.

ಗೋಡೆ ಕೊಡುತ್ತಿದ್ದ ಸಾಲ

ಒಂದು ಹಿಡಿ ಅಕ್ಕಿಯನ್ನು ಸಣ್ಣ ತಟ್ಟೆಯಲ್ಲಿ ಹರಡಿದರೆ ತಳ ಕಾಣುವುದಿಲ್ಲ. ಅದೇ ಹಿಡಿಯನ್ನು ದೊಡ್ಡ ಹರಿವಾಣದಲ್ಲಿ ಹರಡಿದರೆ ಕಾಳು ಎಣಿಸಬಹುದು. ಸ್ಪೀಕರಿನಿಂದ ಹೊರಟ ದನಿಯ ಪಾಡೂ ಇದೇ. ದೂರ ಎರಡು ಪಟ್ಟಾದರೆ ಅದು ಹರಡಬೇಕಾದ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ಕಿವಿಗೆ ಬೀಳುವ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ದೂರ ಇಮ್ಮಡಿಯಾದ ಪ್ರತಿ ಸಲವೂ 6 ಡೆಸಿಬೆಲ್ ನಷ್ಟ. ಒಂದು ಮೀಟರಿನಲ್ಲಿ 70 ಡೆಸಿಬೆಲ್ ಇದ್ದದ್ದು ಎರಡು ಮೀಟರಿಗೆ 64, ನಾಲ್ಕು ಮೀಟರಿಗೆ 58. ಎದುರು ಕೂತು ಆಡುವ ಸಾಮಾನ್ಯ ಮಾತು 60ರ ಆಸುಪಾಸಿನದು. ಅಂದರೆ ಕಟ್ಟೆಯ ಮೇಲಿನ ರೇಡಿಯೋ ಅಂಗಳದ ಆಚೆ ತುದಿಯ ಕುರ್ಚಿಗೆ ತಲುಪುವಷ್ಟರಲ್ಲಿ ಮಾತಿಗಿಂತ ಮೆತ್ತಗಾಗಿರುತ್ತದೆ. ಅದರ ಮೇಲೆ ಗಾಳಿ, ಕಾಗೆ, ರಸ್ತೆಯ ಬೈಕು, ಪಕ್ಕದ ಮನೆಯ ಮಿಕ್ಸಿ.

ಮನೆಯೊಳಗೆ ಈ ನಷ್ಟ ನಮಗೆ ಗೊತ್ತಾಗುವುದಿಲ್ಲ. ಗೋಡೆ, ತಾರಸಿ, ನೆಲ ಎಲ್ಲವೂ ದನಿಯನ್ನು ಹಿಂದಕ್ಕೆ ತಳ್ಳಿ ಕೊರತೆ ತುಂಬಿಕೊಡುತ್ತವೆ. ಅದರಲ್ಲೂ ತಗ್ಗಿನ ಸ್ವರಗಳಿಗೆ ಗೋಡೆಯ ಆಸರೆ ಬಹಳ ಬೇಕು. ಬಯಲಿನಲ್ಲಿ ಆ ಆಸರೆ ಇಲ್ಲ. ಹಾಗಾಗಿ ಮೊದಲು ಕಳೆದುಹೋಗುವುದು ಮೃದಂಗ, ಮದ್ದಲೆ, ತಂಬೂರಿ. ಖರ್ಚಿಲ್ಲದ ಉಪಾಯ ಬೇಕಾದರೆ ಸ್ಪೀಕರನ್ನು ಅಂಗಳದ ನಡುವೆ ಇಡುವ ಬದಲು ಜಗಲಿಯ ಮೂಲೆಗೆ, ಎರಡು ಗೋಡೆ ಕೂಡುವಲ್ಲಿ ಒತ್ತಿಟ್ಟು ನೋಡಿ. ಹೋಗಿದ್ದ ಗುಂಕಾರ ಅರ್ಧವಾದರೂ ಮರಳುತ್ತದೆ.

ಕೇಳುತ್ತದೆ, ತಿಳಿಯುವುದಿಲ್ಲ

ಇನ್ನು ಕಿವಿಯ ಸಂಗತಿ. ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ಕೂದಲುಕೋಶಗಳು ಸಾಲಾಗಿ ನಿಂತಿವೆ. ದನಿಯನ್ನು ನರದ ಸಂಕೇತವಾಗಿಸಿ ಮಿದುಳಿಗೆ ಕಳಿಸುವುದು ಮುಖ್ಯವಾಗಿ ಒಳಸಾಲಿನ ಸುಮಾರು 3,500 ಕೋಶಗಳು. ಉಳಿದ ಹೊರಸಾಲಿನವು ಸಣ್ಣ ದನಿಯನ್ನು ಹಿಗ್ಗಿಸುವ ಕೆಲಸ ಮಾಡುತ್ತವೆ. ಸತ್ತ ಕೂದಲುಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬಾಗಿಲ ಬಳಿಯವು ತಾರಸ್ವರಕ್ಕೆ, ತುದಿಯವು ಮಂದ್ರಕ್ಕೆ ಎಂದು ಕೆಲಸ ಹಂಚಿಕೆಯಾಗಿದೆ. ವಯಸ್ಸಾದಂತೆ ಮೊದಲು ಕೈಕೊಡುವುದು ಬಾಗಿಲ ಬಳಿಯವು. ವೈದ್ಯರು ಇದನ್ನು ಪ್ರೆಸ್ಬಿಕ್ಯೂಸಿಸ್ ಎನ್ನುತ್ತಾರೆ.

ಇದರ ಪೆಟ್ಟು ಬೀಳುವುದು ವ್ಯಂಜನಗಳ ಮೇಲೆ. ಆ, ಓ, ಊ ಮುಂತಾದ ಸ್ವರಗಳ ಬಲವೆಲ್ಲ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿದೆ. ಸ, ಶ, ಚ, ತ, ಕಗಳ ಗುರುತು ಇರುವುದು 2,000 ಹರ್ಟ್ಸ್‌ನಿಂದ ಮೇಲಕ್ಕೆ, ಅದೂ ಬಹಳ ಮೆಲುವಾಗಿ. ಹಾಗಾಗಿ ಅಜ್ಜನಿಗೆ ‘...ಆಲು’ ಎಂಬುದು ಚೆನ್ನಾಗಿಯೇ ಕೇಳಿಸಿರುತ್ತದೆ. ಅದು ಕಾಲೋ, ಪಾಲೋ, ಸಾಲೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ತಾಳಮದ್ದಲೆಯಲ್ಲಿ ಭಾಗವತರ ಪದ್ಯಕ್ಕೆ ತಲೆದೂಗಿದವರು ಅರ್ಥಗಾರಿಕೆ ಶುರುವಾದೊಡನೆ ಮುಖ ಗಂಟಿಕ್ಕುವುದು ಇದಕ್ಕೇ. ಗೊತ್ತಿರುವ ರಾಗಕ್ಕೆ ನೆನಪು ಒತ್ತಾಸೆ ಕೊಡುತ್ತದೆ. ಭೀಷ್ಮನೂ ಪರಶುರಾಮನೂ ಜಿದ್ದಿಗೆ ಬಿದ್ದು ಕಟ್ಟುವ ಹೊಸ ಮಾತನ್ನು ಕಿವಿಯೇ ಹಿಡಿಯಬೇಕು.

ಇನ್ನೊಂದು ತೊಡಕೂ ಇದೆ. ಹೊರಸಾಲಿನ ಕೋಶಗಳು ಹೋದ ಕಿವಿಗೆ ಸಣ್ಣ ದನಿ ಕೇಳುವುದಿಲ್ಲ, ದೊಡ್ಡ ದನಿ ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ನಡುವಿನ ಹಿತವಾದ ಜಾಗ ಕಿರಿದಾಗುತ್ತದೆ. ‘ಸ್ವಲ್ಪ ಗಟ್ಟಿಯಾಗಿ ಹೇಳೋ ಮಗಾ’ ಎಂದ ಅಜ್ಜಿಯೇ ಮರುಗಳಿಗೆ ‘ಯಾಕೋ ಹಾಗೆ ಕಿರುಚ್ತೀಯ, ನಾನೇನು ಕಿವುಡಿಯಾ?’ ಎಂದು ರೇಗಿದರೆ ಅದು ಅರಳುಮರಳಲ್ಲ. ಎರಡು ಮಾತೂ ನಿಜ.

ವಾಲ್ಯೂಮ್ ಏರಿಸಿದರೆ ಈಗಾಗಲೇ ಕೇಳುತ್ತಿರುವ ಸ್ವರಗಳು ಇನ್ನಷ್ಟು ಬಡಿಯುತ್ತವೆ, ಬೇಕಾದ ವ್ಯಂಜನಗಳು ಗಾಳಿಯ ಸದ್ದಿನಲ್ಲಿ ಮುಳುಗಿಯೇ ಇರುತ್ತವೆ. ದನಿಯ ಮೂಲವನ್ನೇ ಕಿವಿಯ ಹತ್ತಿರ ತಂದರೆ ಸುತ್ತಲಿನ ಗದ್ದಲ ಇದ್ದಷ್ಟೇ ಇದ್ದು, ಬೇಕಾದ ದನಿ ಮಾತ್ರ ಅದರ ಮೇಲೆ ಏಳುತ್ತದೆ. ನಾಲ್ಕು ಮೀಟರ್ ದೂರದ ಸ್ಪೀಕರನ್ನು ಒಂದು ಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ದೂರದಲ್ಲೇ ಇಟ್ಟು ಅಷ್ಟನ್ನು ಗಿಟ್ಟಿಸಬೇಕಾದರೆ 16 ಪಟ್ಟು ವಿದ್ಯುತ್ ಸುರಿಯಬೇಕು. ಹೊರಗೆ ಕೇಳುವ ಯಂತ್ರಕ್ಕೆ ಕಟ್ಟುವ ದುಡ್ಡು ಸದ್ದಿಗಲ್ಲ, ಸಾಮೀಪ್ಯಕ್ಕೆ ಹೋಗಬೇಕು.

ಕೂತು ಕೇಳುವವರಿಗೆ

ಒಂದೇ ಕಡೆ ಕೂರುವವರಿಗೆ ಅಂಗೈಯಗಲದ ರೇಡಿಯೋ ಅಥವಾ ಸಣ್ಣ ಬ್ಲೂಟೂತ್ ಸ್ಪೀಕರ್ ಸಾಕು. ಅದು ಕುರ್ಚಿಯ ತೋಳಿನ ಮೇಲೆ, ತಲೆದಿಂಬಿನ ಪಕ್ಕ, ಭುಜದಿಂದ ಒಂದು ಮೊಳದಲ್ಲಿರಲಿ. ಸ್ಪೀಕರಿನ ಜಾಲರಿ ಕಿವಿಯತ್ತ ಮುಖ ಮಾಡಿರಲಿ. ವ್ಯಂಜನಗಳ ಸೂಕ್ಷ್ಮವೆಲ್ಲ ನೇರಕ್ಕೆ ಹೋಗುತ್ತದೆಯೇ ಹೊರತು ಬಳಸಿ ಬರುವುದಿಲ್ಲ. ಮಾತು ಕೇಳುವಾಗ ಬಾಸ್ ಇಳಿಸಿ ಟ್ರೆಬಲ್ ಏರಿಸಿ.

ರೇಡಿಯೋವನ್ನು ಹಳೆಯದೆಂದು ತಳ್ಳಬೇಡಿ. ಬೆಂಗಳೂರು 612, ಧಾರವಾಡ 765 ಎಂದು ಮುಳ್ಳು ತಿರುಗಿಸಿ ಪಳಗಿದ ಕೈಗೆ ಮೊಬೈಲಿನ ಮೆನುಗಿಂತ ಆ ತಿರುಗಣೆಯೇ ಸಲೀಸು. ಮೀಡಿಯಂ ವೇವ್ ಅಲೆಗಳು ನೆಲವನ್ನು ಅನುಸರಿಸಿ ದೂರ ಸಾಗುತ್ತವೆ. ಎಫ್‌ಎಂ ಹೆಚ್ಚುಕಡಿಮೆ ಕಣ್ಣಳತೆಯ ನೇರಕ್ಕೆ ಹೋಗುವುದರಿಂದ ಮಲೆನಾಡಿನ ಕಣಿವೆಯಲ್ಲಿ ಗುಡ್ಡ ಅಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ಗೊರಗೊರ ಎಂದರೆ ರೇಡಿಯೋವನ್ನು ಇದ್ದಲ್ಲೇ ಕಾಲು ಸುತ್ತು ತಿರುಗಿಸಿ. ಒಳಗೆ ಫೆರೈಟ್ ಎಂಬ ಕಪ್ಪು ಸರಳಿಗೆ ತಂತಿ ಸುತ್ತಿದ ಆಂಟೆನಾ ಇರುತ್ತದೆ. ಸರಳಿನ ತುದಿ ನಿಲಯದ ಕಡೆ ಮುಖ ಮಾಡಿದರೆ ಸಂಕೇತ ಸಿಗುವುದಿಲ್ಲ, ಅಡ್ಡಲಾಗಿ ನಿಂತರೆ ಚೆನ್ನಾಗಿ ಸಿಗುತ್ತದೆ. ಮೇಲಕ್ಕೆ ಎಳೆಯುವ ಉದ್ದದ ಕಡ್ಡಿ ಎಫ್‌ಎಂಗೆ. ಮೀಡಿಯಂ ವೇವ್ ಕೇಳುವಾಗ ಅದನ್ನು ಎಷ್ಟು ಎಳೆದರೂ ಉಪಯೋಗವಿಲ್ಲ.

ನಡೆಯುತ್ತ ಕೇಳುವವರಿಗೆ

ವಾಕಿಂಗ್ ಹೋಗುವವರಿಗೆ ಯಂತ್ರ ಮೈಮೇಲೇ ಇರಬೇಕು. ಇಲ್ಲಿ ಮೊದಲು ನೆನಪಾಗುವುದು ಕಿವಿಯೊಳಗೆ ತುರುಕುವ ಇಯರ್‌ಫೋನ್. ಸಾಮೀಪ್ಯದ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ ನೂರು. ಆದರೆ ಅದರ ರಬ್ಬರ್ ಬಿರಡೆ ಹೊರಗಿನ ಸದ್ದನ್ನೂ ತಡೆಯುತ್ತದೆ. ಹಿಂದಿನಿಂದ ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಸ್ಕೂಟರ್, ಬೀದಿನಾಯಿಯ ಗುರ್, ‘ಸಾರ್, ಸೈಡು’ ಎನ್ನುವ ಸೈಕಲ್ ಹುಡುಗ ಯಾವುದೂ ಕೇಳುವುದಿಲ್ಲ. ಮೊದಲೇ ಮಂದವಾದ ಕಿವಿಗೆ ಬಾಗಿಲು ಹಾಕಿ ರಸ್ತೆಗೆ ಕಳಿಸುವುದು ಅಪಾಯ. ಗುಗ್ಗೆ ಕಟ್ಟಿದ ಕಿವಿಯಾದರೆ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿದಂತಾಗುತ್ತದೆ.

ಕಿವಿ ಮುಚ್ಚದ ದಾರಿ ಎರಡಿವೆ. ಒಂದು, ಕಿವಿಯ ಮೇಲೆ ಕೊಕ್ಕೆಯಂತೆ ಕೂತು ರಂಧ್ರದ ಎದುರಿಗೆ ಪುಟ್ಟ ಸ್ಪೀಕರ್ ಹಿಡಿಯುವ ತೆರೆದ ಇಯರ್‌ಫೋನ್. ಇನ್ನೊಂದು, ಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್. ಎರಡನೆಯದು ಕಿವಿಯ ಮುಂದಿನ ಕೆನ್ನೆಯ ಮೂಳೆಗೆ ಒರಗಿ ನಡುಗುತ್ತದೆ. ಆ ನಡುಕ ತಲೆಬುರುಡೆಯ ಮೂಲಕ ನೇರ ಕಾಕ್ಲಿಯಾಕ್ಕೆ ಮುಟ್ಟುತ್ತದೆ. ಕಿವಿತಮಟೆಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ರೆಕಾರ್ಡ್ ಮಾಡಿದ ನಮ್ಮದೇ ದನಿ ನಮಗೆ ಪರಕೀಯವಾಗಿ ಕೇಳುವುದು ಮೂಳೆಯಿಂದ ಬರುವ ಈ ಪಾಲು ಅದರಲ್ಲಿ ಇಲ್ಲದಿರುವುದರಿಂದ.

ಮೂಳೆಯಿಂದ ಕೇಳಿಸುವ ಯಂತ್ರ ಕಿವುಡಿಗೆ ಔಷಧಿ ಎಂಬ ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ಇದು ಅರ್ಧ ಸತ್ಯ. ಕಿವಿಯ ಡಾಕ್ಟರು ಶ್ರುತಿಕವೆಯನ್ನು ತಟ್ಟಿ ಒಮ್ಮೆ ಕಿವಿಯ ಹಿಂದಿನ ಮೂಳೆಗೆ ಒತ್ತಿ, ಇನ್ನೊಮ್ಮೆ ಕಿವಿಯ ಎದುರು ಹಿಡಿದು ‘ಎಲ್ಲಿ ಜೋರು?’ ಎಂದು ಕೇಳುವುದನ್ನು ನೋಡಿರಬಹುದು. ಜರ್ಮನಿಯ ವೈದ್ಯ ಹೈನ್ರಿಕ್ ಅಡಾಲ್ಫ್ ರಿನ್ನೆ 1855ರಲ್ಲಿ ವಿವರಿಸಿದ ಪರೀಕ್ಷೆ ಅದು. ಮೂಳೆಯಲ್ಲೇ ಜೋರೆಂದರೆ ತೊಂದರೆ ಹೊರಗಿವಿ ಇಲ್ಲವೇ ನಡುಗಿವಿಯದು. ಅಂಥವರಿಗೆ ಮೂಳೆಯ ದಾರಿ ನಿಜಕ್ಕೂ ಅಡ್ಡದಾರಿಯ ಅನುಕೂಲ ಕೊಡುತ್ತದೆ. ವಯಸ್ಸಿನ ಕಿವುಡು ಹಾಗಲ್ಲ. ಅಲ್ಲಿ ದಣಿದಿರುವುದು ಕಾಕ್ಲಿಯಾವೇ. ಯಾವ ದಾರಿಯಲ್ಲಿ ಬಂದರೂ ದನಿ ಅಲ್ಲಿಗೇ ತಲುಪಬೇಕು. ಅವರಿಗೆ ಬೋನ್ ಕಂಡಕ್ಷನ್‌ನಿಂದ ಸಿಗುವ ಲಾಭ ಕಿವಿ ತೆರೆದಿರುತ್ತದೆ ಎಂಬುದಷ್ಟೇ, ಅದೇನು ಸಣ್ಣ ಲಾಭವಲ್ಲ. ಬಾಸ್ ಕಡಿಮೆ, ಜೋರು ಮಾಡಿದರೆ ಕೆನ್ನೆಗೆ ಕಚಗುಳಿ. ಕನ್ನಡಕದ ಕಡ್ಡಿಯೂ ಅದರ ಪಟ್ಟಿಯೂ ಕಿವಿಯ ಮೇಲೆ ಜಾಗಕ್ಕೆ ಜಗಳಾಡುತ್ತವೆ. ಹಾಕಿಸಿ ನೋಡದೆ ಕೊಳ್ಳಬಾರದು.

ಒಂದೇ ಕಿವಿಗೆ ಹಾಕಿಕೊಂಡು ಇನ್ನೊಂದನ್ನು ಬಿಡುವ ಅಭ್ಯಾಸವಿದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಆನ್ ಮಾಡಿಕೊಡಿ. ಇಲ್ಲದಿದ್ದರೆ ಸ್ಟೀರಿಯೋ ಹಾಡಿನ ಒಂದು ಪಕ್ಕ ಪೂರ್ತಿ ನಷ್ಟ. ಅಜ್ಜಿಗೆ ಪಿಟೀಲು ಕೇಳಿ ಹಾಡು ಕೇಳದೆ ಹೋಗಬಹುದು.

ಫೋನ್ ಯಾವ ಜೇಬಿನಲ್ಲಿ?

‘ಮನೆಯಲ್ಲಿ ಸರಿಯಿತ್ತು, ಪಾರ್ಕಿನಲ್ಲಿ ತುಂಡು ತುಂಡಾಗುತ್ತದೆ’ ಎಂದು ಬ್ಲೂಟೂತಿನ ಮೇಲೆ ಬರುವ ದೂರಿಗೂ ಗೋಡೆಯೇ ಕಾರಣ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನಮ್ಮ ದೇಹದ ನೀರು ಚೆನ್ನಾಗಿ ಹೀರುತ್ತದೆ. ಕೋಣೆಯೊಳಗೆ ಅಲೆ ಗೋಡೆಗೆ ತಾಗಿ ಬಳಸಿ ಬರುತ್ತದೆ. ಬಯಲಿನಲ್ಲಿ ಮೈ ಅಡ್ಡವಾದರೆ ಬಳಸುದಾರಿ ಇಲ್ಲ. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಿಂದ ಅಂಗಿಯ ಜೇಬಿಗೆ ಬದಲಿಸಿದರೆ ಹೆಚ್ಚಿನ ಸಲ ತೊಂದರೆ ತೀರುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಮಾತ್ರ ಅಂಗಿಯ ಜೇಬು ಬೇಡ. ಫೋನು, ಇಯರ್‌ಫೋನು, ಅವುಗಳ ಡಬ್ಬಿ ಎಲ್ಲದರಲ್ಲೂ ಅಯಸ್ಕಾಂತ ಇರುತ್ತದೆ. ಅವು ಪೇಸ್‌ಮೇಕರಿನಿಂದ 15 ಸೆಂಟಿಮೀಟರಾದರೂ ದೂರವಿರಬೇಕು. ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡಿನ ಎರಡು ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಸರಿಯಾಗಿ ಎದೆಯ ಮೇಲೇ ನೇತಾಡುತ್ತವೆ. ಅಂಥವರಿಗೆ ಅದನ್ನು ಉಡುಗೊರೆ ಕೊಡಬೇಡಿ.

ಶ್ರವಣಸಾಧನ ಇದ್ದರೆ

ಈಗಾಗಲೇ ಶ್ರವಣಸಾಧನ ಹಾಕುವವರಿಗೆ ಬೇರೆ ಯಂತ್ರವೇ ಬೇಡದಿರಬಹುದು. ಈಚಿನ ಎಷ್ಟೋ ಮಾದರಿಗಳು ಫೋನಿನ ಹಾಡನ್ನು ನೇರ ಕಿವಿಗೇ ಇಳಿಸುತ್ತವೆ. ಅವರವರ ಕಿವಿಗೆ ಯಾವ ಕಂಪನ ಎಷ್ಟು ಕಡಿಮೆಯೋ ಅಷ್ಟನ್ನೇ ಏರಿಸಿ ಕೊಡುವುದರಿಂದ ಕಾಲು, ಪಾಲು, ಸಾಲುಗಳ ಗೊಂದಲ ಇಲ್ಲಿ ಎಲ್ಲಕ್ಕಿಂತ ಕಡಿಮೆ. ಇನ್ನೂ ಪರೀಕ್ಷೆಯೇ ಮಾಡಿಸಿಲ್ಲವೆಂದರೆ ಸ್ಪೀಕರ್ ಕೊಳ್ಳುವ ಮೊದಲು ಒಂದು ಆಡಿಯೋಗ್ರಾಂ ಮಾಡಿಸುವುದು ಜಾಣತನ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲೂ ವಿಚಾರಿಸಬಹುದು. ಬಡ ಹಿರಿಯರಿಗೆ ಶ್ರವಣಸಾಧನ ಕೊಡಲು 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಅವಕಾಶವಿದೆ.

ಉಳಿದ ಕಿವಿಯನ್ನು ಕಾಪಾಡಿಕೊಳ್ಳುವುದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅಲ್ಲಿಂದ 3 ಡೆಸಿಬೆಲ್ ಏರಿದಾಗಲೆಲ್ಲ ಗಂಟೆ ಅರ್ಧಕ್ಕಿಳಿಯುತ್ತದೆ: 83ಕ್ಕೆ 20, 86ಕ್ಕೆ 10.

ಅಂಗಡಿಯಲ್ಲಿ ಏನು ನೋಡಬೇಕು

ಗುಂಡಿ ಎದ್ದು ಕಾಣಬೇಕು, ಬೆರಳಿಗೆ ಸಿಗಬೇಕು. ವಯಸ್ಸಾದ ಒಣ ಬೆರಳತುದಿಯನ್ನು ಟಚ್ ಬಟನ್ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಆನ್ ಆಗಿದೆಯೋ ಇಲ್ಲವೋ ಎಂಬುದು ಮುಟ್ಟಿದರೆ ತಿಳಿಯುವಂತಿದ್ದರೆ ಇನ್ನೂ ಒಳ್ಳೆಯದು. ಮಳೆನಾಡಾದರೆ ಐಪಿಎಕ್ಸ್4 ಎಂದು ಬರೆದಿದೆಯೇ ನೋಡಿ, ಅದು ಸಿಡಿಯುವ ಹನಿಯನ್ನು ತಡೆದುಕೊಳ್ಳುತ್ತದೆ. ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಬದುಕುತ್ತದೆ. ಆದರೆ ಯಾವುದನ್ನೂ ಉರಿಬಿಸಿಲಿನಲ್ಲಿ ಬಿಟ್ಟುಬರಬೇಡಿ. ಲಿಥಿಯಂ ಬ್ಯಾಟರಿಗೆ ನೀರಿನಷ್ಟೇ ಕಾಟ ಬಿಸಿಯದು.

ಕೊನೆಗೆ, ಅಜ್ಜನನ್ನು ಬಿಟ್ಟು ಅಜ್ಜನ ಯಂತ್ರ ಕೊಳ್ಳಬೇಡಿ. ಅವರನ್ನೇ ಕರೆದುಕೊಂಡು ಹೋಗಿ. ಅಂಗಡಿಯವರು ಗಾಜಿನ ಬಾಗಿಲ ಒಳಗೆ ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ. ಅಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ಕೇಳುತ್ತದೆ. ಅವರಿಗೆ ಹೇಳಿ ಅದನ್ನು ಹೊರಗೆ ಫುಟ್‌ಪಾತಿಗೆ ತನ್ನಿ, ಹಾಡಿನ ಬದಲು ವಾರ್ತೆ ಹಾಕಿ, ಈಗ ಏನು ಹೇಳಿದರು ಎಂದು ಅಜ್ಜನನ್ನು ಕೇಳಿ. ಸುದ್ದಿಯ ಮುಖ್ಯಾಂಶಗಳನ್ನು ಅವರು ಒಪ್ಪಿಸಿದರೆ ದುಡ್ಡು ಕೊಡಿ. ‘ಏನೋ ಗೊಣಗಿದ ನೋಡು’ ಎಂದರೆ, ಎಷ್ಟೇ ವಾಟಿನದಾಗಲಿ, ಅದನ್ನು ಅಲ್ಲೇ ಬಿಟ್ಟು ಬನ್ನಿ.