ಎಲೆ ಕಂಡುದು ಗೆಡ್ಡೆಗೆ ತಿಳಿಯುವ ಬಗೆ

ಆಂಡೀಸ್ ಪರ್ವತಮೂಲದ ಆಲೂಗೆಡ್ಡೆಯ ತಳಿಗಳಲ್ಲಿ ಹಗಲು ಕಿರಿದಾಗಿ ಇರುಳು ಹಿರಿದಾದುದನ್ನು ಗ್ರಹಿಸುವುದು ಎಲೆ. ಆ ಗ್ರಹಿಕೆಯ ಫಲವಾಗಿ ಉಬ್ಬಿ ಗೆಡ್ಡೆಯಾಗುವುದಾದರೋ, ಬೆಳಕನ್ನೇ ಕಾಣದೆ ಮಣ್ಣಿನೊಳಗೆ ಹರಿಯುವ ಕುಡಿಯ ತುದಿ. ಇವೆರಡರ ನಡುವಣ ದೌತ್ಯ ಹೇಗೆ ನಡೆಯುವುದೆಂಬ ಪ್ರಶ್ನೆಯನ್ನು ಪುಣೆಯ ಪಾಷಾಣ ಭಾಗದಲ್ಲಿರುವ ಐಸರ್ ಸಂಸ್ಥೆಯ ಸಸ್ಯವಿಜ್ಞಾನಿ ಅಂಜನ್ ಬ್ಯಾನರ್ಜಿಯವರು ಬಹುಕಾಲದಿಂದ ಬೆನ್ನುಹತ್ತಿದ್ದಾರೆ. ಅಮೆರಿಕದ ಅಯೋವಾದಲ್ಲಿ ಡೇವಿಡ್ ಹನಪೆಲ್ ಮೊದಲಾದವರೊಡನೆ ನಡೆಸಿ 2006ರಲ್ಲಿ ಪ್ರಕಟಿಸಿದ ಶೋಧದಲ್ಲಿ ಅವರು ಕಂಡುದು ಆಶ್ಚರ್ಯಕರವಾದುದು: ಬೆಲ್5 ಎಂಬ ಜೀನಿನ ಆರ್‌ಎನ್‌ಎ ಪ್ರತಿಯೇ, ಸಕ್ಕರೆಯನ್ನು ಒಯ್ಯುವ ನಾಳಗಳಲ್ಲಿಳಿದು, ಎಲೆಯಿಂದ ಕುಡಿಯನ್ನು ಸೇರುತ್ತದೆ. ಅದರ ಜೊತೆಗಾರ ಜೀನಾದ ಪಾತ್1ರ ಆರ್‌ಎನ್‌ಎ ಕೂಡ ಹೀಗೆಯೇ ಸಂಚರಿಸುವುದನ್ನು 2012ರಲ್ಲಿ ಪುಣೆಯ ತಂಡ ತೋರಿಸಿತು.

ಆದರೆ ಬೆಲ್5 ಗಿಡದಲ್ಲಿ ಸ್ವಭಾವತಃ ಇರುವ ಜೀನು. ಕುಡಿಯಲ್ಲಿ ದೊರೆತ ಪ್ರತಿ ಎಲೆಯಿಂದ ಬಂದುದೋ ಅಲ್ಲಿಯೇ ಹುಟ್ಟಿದುದೋ ಎಂದು ನಿರ್ಣಯಿಸಬೇಕಾದರೆ ಗುರುತುಳ್ಳ ಜೀನೊಂದನ್ನು ರಚಿಸಲೇಬೇಕು. ಎಲೆಯ ಸೂಕ್ಷ್ಮನರಗಳಲ್ಲಿ ಮುಖ್ಯವಾಗಿ ಕೆಲಸಮಾಡುವ, ಕರಬೂಜದಿಂದ ತೆಗೆದ ಚಾಲಕಭಾಗ ಅದರ ತಲೆ. ಬೆಲ್5 ಅದರ ಒಡಲು. ಮಣ್ಣಿನ ಆಗ್ರೋಬ್ಯಾಕ್ಟೀರಿಯಮ್‌ನಿಂದ ಪಡೆದ ಡಿಎನ್‌ಎ ತುಣುಕು ಅದರ ಬಾಲ.

ಇಂಥ ತುಣುಕುಗಳನ್ನು ಬೆಸೆಯಬಲ್ಲ ವಿಧಾನಗಳಲ್ಲೊಂದು, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್. ಆ ಹೆಸರೆತ್ತಿದೊಡನೆ ನಮ್ಮ ಜನರಿಗೆ ಕೊರೋನಾ ಪರೀಕ್ಷೆ ನೆನಪಾಗುತ್ತದೆ. ಅದರ ನಿರ್ಮಾಣಶಕ್ತಿಯೇ ಹೆಚ್ಚಿನದೆಂದು ನನ್ನ ಭಾವನೆ. ಕ್ಯಾರಿ ಮಲಿಸ್ 1983ರಲ್ಲಿ ಕಲ್ಪಿಸಿದ ಈ ವಿಧಾನದಲ್ಲಿ, ಸುಮಾರು 95 ಡಿಗ್ರಿಯ ಶಾಖಕ್ಕೆ ಡಿಎನ್‌ಎಯ ಎರಡು ಎಳೆಗಳು ಬೇರ್ಪಟ್ಟು, 55ರ ಆಸುಪಾಸಿಗೆ ತಣಿದಾಗ ಪ್ರೈಮರ್ ಎಂಬ ಕಿರುತುಣುಕುಗಳು ತಮಗೊಪ್ಪುವ ನೆಲೆಯಲ್ಲಿ ಕುಳಿತು, 72ರಲ್ಲಿ ಕಿಣ್ವವು ಅವನ್ನು ಬೆಳೆಸುತ್ತದೆ. 30 ಆವೃತ್ತಿಗಳಲ್ಲಿ ಒಂದು ಅಣು, ತತ್ತ್ವತಃ, 100 ಕೋಟಿಯನ್ನು ಮೀರುತ್ತದೆ. ಪ್ರೈಮರಿನ ಒಂದು ತುದಿ ಸರಿಯಾಗಿ ಹೊಂದಿಕೊಂಡರೆ ಸಾಕು, ಮತ್ತೊಂದು ತುದಿಯಲ್ಲಿ ನಾವು ಬಯಸಿದ ಅಕ್ಷರಗಳನ್ನು ಸೇರಿಸಬಹುದೆಂಬುದೇ ಇಲ್ಲಿನ ಮರ್ಮ. ಹಾಗೆ ಸೇರಿಸಿದ ಅಕ್ಷರಗಳು ಪ್ರತಿಗಳಲ್ಲೆಲ್ಲ ಉಳಿಯುವುದರಿಂದ, ಎರಡು ಬೇರೆ ತುಣುಕುಗಳ ಅಂಚುಗಳನ್ನು ಒಂದೇ ಪಾಠದವನ್ನಾಗಿ ಮಾಡಿ ಒಂದೇ ನಳಿಗೆಯಲ್ಲಿಟ್ಟರೆ, ಅವು ಪರಸ್ಪರ ಕೂಡಿ ಅಖಂಡ ಜೀನಾಗುತ್ತವೆ. ಎರಡು ಪ್ರೋಟೀನುಗಳ ಜೀನುಗಳನ್ನು ಹೀಗೆ ಬೆಸೆಯುವಾಗ ಒಂದಕ್ಷರ ಹೆಚ್ಚಾದರೂ ಕಡಿಮೆಯಾದರೂ ಕೆಡುಕೇ. ಜೀನನ್ನು ಕೋಶ ಮೂರು ಮೂರು ಅಕ್ಷರಗಳಾಗಿ ಓದುವುದರಿಂದ ಬೆಸುಗೆಯಾಚೆಯ ಪಾಠವೆಲ್ಲ ಅಪಾರ್ಥವಾಗುತ್ತದೆ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯದಿಂದ ಬಂದ ಟ್ಯಾಕ್ ಕಿಣ್ವ ತನ್ನ ತಪ್ಪನ್ನು ತಿದ್ದಿಕೊಳ್ಳಲಾರದು. ಆದುದರಿಂದ ನಿರ್ಮಾಣಕ್ಕೆ ತಿದ್ದುವ ಶಕ್ತಿಯುಳ್ಳ ಬೇರೆ ಕಿಣ್ವಗಳನ್ನು ಬಳಸಿ, ಕೊನೆಗೆ ಅಕ್ಷರಕ್ಷರವನ್ನೂ ಓದಿ ನೋಡುತ್ತಾರೆ.

ಹೀಗೆ ಕಟ್ಟಿದ ಜೀನು ಕೆಲಸಮಾಡುವುದೇ ಎಂದು ನೋಡಬೇಕಲ್ಲವೆ? ಅದಕ್ಕೆ ಹೊಳೆಯುವ ಪ್ರೋಟೀನಿನ ಜೀನನ್ನು ಬೆಸೆದಿದ್ದರೆ ಈರುಳ್ಳಿಯ ಒಳಪೊರೆಯೇ ಒಳ್ಳೆಯ ಪರೀಕ್ಷಾಭೂಮಿ: ಚಿನ್ನದ ಸೂಕ್ಷ್ಮಕಣಗಳಿಗೆ ಡಿಎನ್‌ಎ ಲೇಪಿಸಿ ಹೊಡೆದರೆ ಮರುದಿನವೇ ಕೆಲವು ಕೋಶಗಳು ಸೂಕ್ಷ್ಮದರ್ಶಕದಡಿ ಬೆಳಗುತ್ತವೆ. ಬೆಲ್5ರ ಪ್ರಶ್ನೆಗಾದರೋ ಇಡಿಯ ಗಿಡವೇ ಬೇಕಾಯಿತು. ಒಂದು ಪ್ರೈಮರನ್ನು ಬೆಲ್5ರ ಮೇಲೂ ಮತ್ತೊಂದನ್ನು ಬ್ಯಾಕ್ಟೀರಿಯದ ಬಾಲದ ಮೇಲೂ ನಿಲ್ಲಿಸಿ ಕುಡಿಯ ಆರ್‌ಎನ್‌ಎಯನ್ನು ಪರೀಕ್ಷಿಸಿದರೆ, ಬಾಲವಿಲ್ಲದ ಸಹಜ ಪ್ರತಿಗಳು ವೃದ್ಧಿಹೊಂದಲಾರವು. ಎಲೆಯಿಂದ ಬಂದ ಪ್ರತಿ ಮಾತ್ರ ಸಿಕ್ಕಿಬೀಳುತ್ತದೆ. ಅದು ಸಿಕ್ಕಿತು, ಕಿರುಹಗಲಿನಲ್ಲಿ ಹೆಚ್ಚಾಗಿಯೇ ಸಿಕ್ಕಿತು. ಆ ಆರ್‌ಎನ್‌ಎಯ ಯಾವ ಭಾಗ ಸಂಚಾರಕ್ಕೆ ಕಾರಣವೆಂದು ಮುಂದೆ ಪರಿಶೀಲಿಸಿದಾಗ, ಪ್ರೋಟೀನಾಗಿ ಎಂದೂ ಅನುವಾದಗೊಳ್ಳದ ಅದರ ಅಂಚಿನ ಪಾಠವೇ ಆ ದಾರಿಯನ್ನು ನಿಯಂತ್ರಿಸುವುದು ಕಂಡುಬಂದಿತು.