ಈಯುವ ಕುರಿಯೂ ಉಣ್ಣೆಯ ಕತ್ತರಿಯೂ: ಬಳ್ಳಾರಿ ಸೀಮೆಯಲ್ಲಿ ಕಾಲನಿರ್ಣಯದ ಪ್ರಶ್ನೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರದೇಶದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಹತ್ತಿ, ಜೋಳ, ಭೂಕಂದಾಯ ಮತ್ತು ಕಂಟೋನ್ಮೆಂಟಿನ ಸೇನಾನೆಲೆಗೆ ಸಹಜವಾಗಿಯೇ ಹಿರಿಯ ಸ್ಥಾನವನ್ನು ಕೊಡುತ್ತಾರೆ. ಕುರಿಯ ಮಂದೆಗೆ ಸಲ್ಲುವುದು ಒಂದೆರಡು ವಾಕ್ಯಗಳು ಮಾತ್ರ. ಆದರೆ ಈ ಸೀಮೆಯ ಕುರುಬರು ಉಣ್ಣೆ ಕತ್ತರಿಸುವ ದಿನವನ್ನು ಗೊತ್ತುಮಾಡುವಾಗ ಮಳೆ, ಮೇವು, ಗರ್ಭ, ಮಗ್ಗ ಎಂಬ ನಾಲ್ಕು ಸಂಗತಿಗಳನ್ನು ಒಟ್ಟಿಗೆ ತೂಗಬೇಕಾಗುತ್ತದೆ. ಈ ತೂಕ ತಪ್ಪಿದರೆ ಹಾನಿ ಉಣ್ಣೆಗಲ್ಲ, ಮರಿಗೆ. ಈ ನಿರ್ಣಯದ ಹಿಂದಿನ ಕಾರಣಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಳ್ಳಾರಿ ತಳಿಯ ಕುರಿಯ ಉಣ್ಣೆ ಒರಟು; ಬಟ್ಟೆಗಿಂತ ಕಂಬಳಿಗೆ ತಕ್ಕುದು. ಇದನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಾರೆ. ಮಂದೆ ವರ್ಷದ ಬಹುಭಾಗ ಬಯಲಿನಲ್ಲಿಯೇ ತಂಗುವುದರಿಂದ ಅನೇಕ ಮರಿಗಳು ಹುಟ್ಟುವುದೂ ಬಯಲಿನಲ್ಲಿಯೇ. ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿಯೇ ಕುರಿಯ ನಿಜವಾದ ಹೊದಿಕೆ. ಅದು ಚಳಿಯನ್ನು ತಡೆಯುವಂತೆಯೇ ಬಿಸಿಲಿನ ಝಳವನ್ನೂ ತಡೆಯುತ್ತದೆ. ಕತ್ತರಿಸಿದ ಮೊದಲ ಒಂದೆರಡು ವಾರಗಳಲ್ಲಿ ಮಳೆಯೂ ಗಾಳಿಯೂ ಕೂಡಿ ಬಂದರೆ ಕುರಿಯ ಮೈಶಾಖ ಬಹುಬೇಗ ಸೋರಿಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಹೆಚ್ಚು ಮೇವು ಬೇಕು.

ಇನ್ನು ಗರ್ಭದ ಲೆಕ್ಕ. ಕುರಿಯ ಗರ್ಭಕಾಲ ಸುಮಾರು 150 ದಿನಗಳು. ಮೃಗಶಿರ ಮಳೆ ಹುಟ್ಟುವ ಜೂನ್ 8ರ ಸುಮಾರಿಗೆ ಗಬ್ಬ ಕಟ್ಟಿದ ಕುರಿ ನವೆಂಬರ್ ಮೊದಲ ವಾರದಲ್ಲಿ, ಎಂದರೆ ಸ್ವಾತಿಯ ಕೊನೆಗೆ ಈಯುತ್ತದೆ. ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ ಕತ್ತರಿಗೆ ಮೂರು ಅವಕಾಶಗಳು ತೋರುತ್ತವೆ.

ಮೊದಲನೆಯದು ರೋಹಿಣಿಗೆ ಮುಂಚೆ, ಮೇ ತಿಂಗಳಿನಲ್ಲಿ. ಆಗ ಕುರಿ ಗಬ್ಬವಾಗಿರುವುದಿಲ್ಲ, ಮೈ ಒಣಗಿರುತ್ತದೆ, ಈಯುವ ವೇಳೆಗೆ ಐದು ತಿಂಗಳ ಉಣ್ಣೆ ಮತ್ತೆ ಬೆಳೆದಿರುತ್ತದೆ. ನಡುಹಗಲಿನ ಬಿಸಿಲಿಗೆ ನೆರಳು ಒದಗಿಸುವುದೊಂದೇ ಇಲ್ಲಿಯ ತೊಡಕು. ಎರಡನೆಯದು ಮಘೆಯ ಕಾಲ, ಆಗಸ್ಟ್ ಉತ್ತರಾರ್ಧ. ಅದು ಗರ್ಭದ ನಡುಘಟ್ಟ. ಮೂರನೆಯದು ಹಸ್ತ-ಚಿತ್ತೆಗಳ ಕಾಲ. ಹುಲ್ಲಿನ ಊಬು ಉಣ್ಣೆಗೆ ಸಿಕ್ಕಿಕೊಳ್ಳುವುದರಿಂದ ಆಗ ಕತ್ತರಿಸುವ ಮನಸ್ಸಾಗುವುದು ಸಹಜ. ಆದರೆ ಇದೇ ಅತ್ಯಂತ ಅಪಾಯದ ಕಾಲ. ಬಳ್ಳಾರಿಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯವು. ತುಂಬುಗಬ್ಬದ ಕುರಿಯನ್ನು ಕೆಡವಿ ಕಾಲು ಕಟ್ಟಿದರೆ ಪೆಟ್ಟಾಗುವ ಭಯವಿದೆ. ಮೇಲಾಗಿ, ಅವಳಿ ಹೊತ್ತ ಕುರಿ ಹಲವು ಹೊತ್ತು ಮೇವಿಲ್ಲದೆ ನಿಂತರೆ ರಕ್ತದ ಸಕ್ಕರೆ ಇಳಿದು ತಾಯಿಯೇ ಸಾಯಬಹುದು.

ಎರಡನೆಯ ಅವಕಾಶದ ವಿಷಯದಲ್ಲಿ ನ್ಯೂಜಿಲೆಂಡಿನ ಸಂಶೋಧನೆಗಳು ಗಮನಾರ್ಹವಾಗಿವೆ. ಗರ್ಭದ ನಡುಘಟ್ಟದಲ್ಲಿ ಉಣ್ಣೆ ತೆಗೆದ ಕುರಿಗಳ ಮರಿಗಳು ಹುಟ್ಟುವಾಗ ಹೆಚ್ಚು ತೂಗುವುದುಂಟೆಂದು ಅಲ್ಲಿ ಕಂಡುಬಂದಿದೆ. ಉಣ್ಣೆ ತೆಗೆದ ತಾಯಿಕುರಿ ಈಯುವಾಗ ಮರೆಯನ್ನು ಅರಸಿ ಹೋಗುವುದೆಂಬುದನ್ನು ಆಸ್ಟ್ರೇಲಿಯದ ವಿದ್ವಾಂಸರೂ ತೋರಿಸಿದ್ದಾರೆ. ಆದರೆ ಈ ಲಾಭ ದೊರೆಯುವುದು ತಾಯಿಗೆ ಮೇವು ಸಾಕಷ್ಟಿದ್ದಾಗ ಮಾತ್ರ. ಶೀತದೇಶದ ಈ ಫಲಿತಾಂಶವನ್ನು ಮಳೆ ಕೈಕೊಟ್ಟ ವರ್ಷದ ಬಳ್ಳಾರಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ನಮ್ಮ ಕೈಕತ್ತರಿ ಮೈಮೇಲೆ ತುಸು ಉಣ್ಣೆಯನ್ನು ಉಳಿಸುವುದೊಂದು ಅನುಕೂಲ. ಚಳಿ ದೇಶಗಳಲ್ಲಿ ಇದೇ ಉದ್ದೇಶಕ್ಕಾಗಿ ಯಂತ್ರಕ್ಕೆ ವಿಶೇಷ ಹಣಿಗೆಯನ್ನು ಜೋಡಿಸುತ್ತಾರೆ.

ಹೀಗಿದ್ದರೂ ಮಳೆಗಾಲದ ಕೊನೆಗೆ ಕತ್ತರಿ ಹಿಡಿಯುವ ಒತ್ತಡ ಏಕೆ ಉಂಟಾಗುತ್ತಿತ್ತು? ಉತ್ತರ ಮಗ್ಗದಲ್ಲಿದೆ. ಕಂಬಳಿ ಚಳಿಗೆ ಬೇಕಾದ ವಸ್ತು. ಉಣ್ಣೆಯನ್ನು ಹಿಂಜಿ, ನೂತು, ಹುಣಸೆಬೀಜದ ಗಂಜಿ ಹಾಕಿ, ನೇಯುವುದಕ್ಕೆ ದಿನಗಳು ಹಿಡಿಯುತ್ತವೆ. ಚಳಿಯ ಸಂತೆಗೆ ಕಂಬಳಿ ಸಿದ್ಧವಾಗಬೇಕಾದರೆ ಉಣ್ಣೆ ಅದಕ್ಕೂ ಮುಂಚೆ ಕೈಸೇರಬೇಕು. ಕುಟುಂಬದ ಕೈಗೆ ನಗದು ತರುವ ಕಂಬಳಿಗೂ ಮಂದೆಯನ್ನು ಬೆಳೆಸುವ ಮರಿಗೂ ಇಲ್ಲಿ ವಿರೋಧ ಬರುತ್ತಿತ್ತು.

ಈ ಸ್ಥಿತಿಯನ್ನು ಎರಡು ಸಂಗತಿಗಳು ಬದಲಾಯಿಸಿದವು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪ ಭಾಗದ ಮೇವುಬಯಲು ಕ್ರಮೇಣ ಭತ್ತದ ಗದ್ದೆಯಾಯಿತು. ಮಂದೆಗೆ ಬಯಲು ಕಿರಿದಾಯಿತು. ಆದರೆ ಕೊಯಿಲಿನ ಬಳಿಕ ಕೂಳೆಯ ಮೇವೂ, ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ತಂಗಿಸುವ ಅವಕಾಶವೂ ದೊರೆತವು. ಎರಡನೆಯದಾಗಿ, ಗಿರಣಿಯ ಅಗ್ಗದ ಹೊದಿಕೆಗಳು ಬಂದು ಕಂಬಳಿಯ ಬೇಡಿಕೆ ಕುಗ್ಗಿತು. ಇಂದು ಮಂದೆಯ ಆದಾಯ ಮುಖ್ಯವಾಗಿ ಮರಿಯಿಂದ.

ಆದುದರಿಂದ ಕಾರ್ತಿಕದಲ್ಲಿ ಈಯುವ ಮಂದೆಗೆ ರೋಹಿಣಿಗೆ ಮುಂಚೆ ಒಂದು ಬಾರಿ, ಮರಿಗಳು ಬಲಿತು ಕೂಳೆಯ ಮೇವು ದೊರೆಯುವ ಸಂಕ್ರಾಂತಿಯ ಬಳಿಕ ಇನ್ನೊಂದು ಬಾರಿ ಉಣ್ಣೆ ತೆಗೆಯುವುದು ಉಚಿತವೆಂದು ತೋರುತ್ತದೆ. ಮಘೆಯ ಕತ್ತರಿ ಮೇವು ಸಮೃದ್ಧವಾದ ವರ್ಷಕ್ಕೆ ಮಾತ್ರ. ಬೇರೆ ತಿಂಗಳಿನಲ್ಲಿ ಈಯುವ ಮಂದೆಗೆ ದಿನಾಂಕಗಳು ಬದಲಾಗುತ್ತವೆ. ಗರ್ಭದ ಕೊನೆಯ ಆರು ವಾರ ಕತ್ತರಿಯನ್ನು ದೂರವಿಡಬೇಕೆಂಬ ನಿಯಮ ಬದಲಾಗದು. ಗ್ರಾಮೀಣ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮಳೆನಕ್ಷತ್ರಗಳ ಈ ಪಂಚಾಂಗವನ್ನು ಕಂದಾಯದ ಕಡತದಷ್ಟೇ ಮಹತ್ವದ ಆಧಾರವೆಂದು ಪರಿಗಣಿಸಬೇಕು.